ಮೂರು ಡಬ್ಬಿಯ ಕ್ಯಾರಿಯರ್

ಅಟ್ಟದ ಸಾಮಾನು ಇಳಿಸುವಾಗ ಕುಲಕರ್ಣಿ ಸರ್ ಕೊಟ್ಟಿದ್ದ ಊಟದ ಕ್ಯಾರಿಯರ್ ಕೈಗೆ ಬಂತು. ವಸ್ತ್ರಾಪುರದ ಈ ಮನೆಗೆ ಬಂದ ಮೇಲೆ ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಪಾತ್ರೆ ಇರಬಹುದು, ಎಸೆಯಲೂ ಆಗದು, ಬಳಸಲೂ ಆಗದು.

ಆಗ ವಡೋದರಾದ ಅಲ್ಕಾಪುರಿಯಲ್ಲಿ, ರಕ್ತಪರೀಕ್ಷೆಯ ಒಂದು ಲ್ಯಾಬಿನಲ್ಲಿ, ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಸರ್ ಮತ್ತು ನಾನು ಇಬ್ಬರೇ, ಕನ್ನಡದವರೂ ನಾವಿಬ್ಬರೇ. ಧಾರವಾಡದ ಸರ್ ನನಗೆ ಕಂಪ್ಯೂಟರಿಗೆ ಕೆಲಸ ಹೇಳುವ ಸ್ಕ್ರಿಪ್ಟ್ ಬರೆಯಲು ಕಲಿಸಿದ್ದು ಊಟದ ಹೊತ್ತಿನಲ್ಲಿ, ಇದೇ ಕ್ಯಾರಿಯರ್ ಬಿಚ್ಚಿಟ್ಟುಕೊಂಡು.

“ಮಾಹಿತಿ ಇಡೂ ಹೆಸರಿನ ಮುಂದ ಡಾಲರ್ ಚಿಹ್ನೆ ಹಚ್ಚಿದ್ರ ಒಂದ ಡಬ್ಬಿ. ಹೊಸಾದು ಹಾಕಿದ್ರ ಹಳೇದು ಹೋತು. ಆ್ಯಟ್ ಚಿಹ್ನೆ ಹಚ್ಚಿದ್ರ ಹಿಂಗ ಡಬ್ಬಿ ಮ್ಯಾಲ ಡಬ್ಬಿ. ಎಣಸೂದು ತಳದಿಂದ, ಸೊನ್ನೆಯಿಂದ.”

ಸೊನ್ನೆಯಲ್ಲಿ ರೊಟ್ಟಿ, ಒಂದರಲ್ಲಿ ಪಲ್ಯ. ಎರಡು, ಅಂದರೆ ಎಲ್ಲಕ್ಕಿಂತ ಮೇಲಿನದು, ನನ್ನ ಪಾಲು. ಅದರಲ್ಲಿ ಅವರ ಹೆಂಡತಿ ಸುಮಕ್ಕ ನನಗೆಂದೇ ಎಣ್ಣೆಗಾಯಿ ಕಳಿಸುತ್ತಿದ್ದರು. ಪಾಠಕ್ಕಿಂತ ನನ್ನ ಗಮನವೆಲ್ಲ ಅದರ ಮೇಲೆಯೇ.

ಇಂಥ ವಿದ್ಯಾರ್ಥಿನಿಯಾದ ನಾನು, ರೋಗಿಗಳಿಗೆ ವರದಿ ಕಳಿಸುವ ಸ್ಕ್ರಿಪ್ಟಿನಲ್ಲಿ ಆ್ಯಟ್ ಇರಬೇಕಾದ ಕಡೆ ಡಾಲರ್ ಹಾಕಿದೆ. ಒಬ್ಬರ ಮೂರು ವರದಿಗಳಿದ್ದರೆ ಕೊನೆಯದೊಂದೇ ಉಳಿಯಿತು. ಕಂಪ್ಯೂಟರ್ ತಕರಾರು ಮಾಡಲಿಲ್ಲ. ಸುಮಕ್ಕನ ರಕ್ತವೂ ನಮ್ಮಲ್ಲೇ ಪರೀಕ್ಷೆಗೆ ಬಂದಿತ್ತು. ಅವರಿಗೆ ಸಕ್ಕರೆಯ ವರದಿ ಮಾತ್ರ ಹೋಯಿತು, ಅದು ಚೆನ್ನಾಗಿಯೇ ಇತ್ತು. ಕ್ಯಾನ್ಸರಿನ ಸಂಶಯ ಹೇಳುವ ವರದಿ ಕಣ್ಣಿಗೆ ಬಿದ್ದದ್ದು ನಾಲ್ಕು ತಿಂಗಳ ಮೇಲೆ.

ಮಾಲೀಕರು ವಿಚಾರಿಸಿದಾಗ ಸರ್, ಆ ಸಾಲು ಬರೆದದ್ದು ತಾನೇ ಎಂದರು. ನಾನು ಬಾಯಿ ಬಿಡಲಿಲ್ಲ, ನೆಲ ನೋಡುತ್ತ ನಿಂತೆ. ಅವರ ಕೆಲಸ ಹೋಯಿತು. ಆಮೇಲೂ ಅವರು ದಿನಾ ಮಧ್ಯಾಹ್ನ ಸ್ಕೂಟರಿನಲ್ಲಿ ಲ್ಯಾಬಿನ ಗೇಟಿಗೆ ಬಂದು ನನ್ನ ಡಬ್ಬಿ ಕೊಟ್ಟು ಹೋಗುತ್ತಿದ್ದರು. ಸುಮಕ್ಕನಿಗೆ ಏನೂ ಗೊತ್ತಿಲ್ಲ ಎಂದುಕೊಂಡು ತಿಂದೆ. ಒಲೆಯ ಮುಂದೆ ನಿಲ್ಲಲು ಆಗುವಷ್ಟು ದಿನ ಅವರು ಕಳಿಸಿದರು. ಮಳೆಗಾಲಕ್ಕೆ ಮುಂಚೆ ತೀರಿಕೊಂಡರು. ಸರ್ ಊರಿಗೆ ಹೊರಡುವಾಗ ಕ್ಯಾರಿಯರನ್ನು ನನ್ನ ಕೈಗಿಟ್ಟು, “ಒಬ್ಬಂವಗ ಒಂದ ಡಬ್ಬಿ ಸಾಕವ್ವಾ” ಎಂದಿದ್ದರು.

ಇವತ್ತು ಧೈರ್ಯ ಮಾಡಿ ಧಾರವಾಡಕ್ಕೆ ಫೋನ್ ಮಾಡಿದೆ.

“ಸರ್, ತಪ್ಪು ನನ್ನದು. ಸುಮಕ್ಕನ ಹತ್ತಿರ ಒಂದು ಮಾತೂ ಹೇಳಲಿಲ್ಲ ನಾನು.”



“ಆಕಿಗೆ ನಾನು ಕೆಲಸಾ ಹೋದ ದಿನಾನ ಎಲ್ಲಾ ಹೇಳಿದ್ದೆ. ‘ಆ ಹುಡುಗಿ ಊಟಾ ಬಿಟ್ಟು ಕೂತಿರ್ತಾಳ, ಡಬ್ಬಿ ಒಯ್ದು ಕೊಡ್ರಿ’ ಅಂದ್ಲು.”

ಫೋನ್ ಇಟ್ಟು ಕ್ಯಾರಿಯರ್ ತೊಳೆದೆ. ಮೇಲಿನ ಡಬ್ಬಿಯನ್ನು ಎರಡು ಸಲ ತೊಳೆದೆ. ನಾನು ಒಂದು ದಿನವೂ ಊಟ ಬಿಟ್ಟಿರಲಿಲ್ಲ.