ಹನೂರಿನ ಗುಡ್ಡಕ್ಕೆ ಸುಂಗೈ ಕಡುತ್‌ನಲ್ಲಿ ಟ್ರ್ಯಾಕ್ಟರ್ ನೋಡಿದ್ದು

ಸೆರಂಗೂನ್ ಸ್ಟೇಷನ್ನಿನ ಎಸ್ಕಲೇಟರ್ ಇಳಿಯುವಾಗಲೇ ನಾನು ಅಪ್ಪನಿಗೆ ಹೇಳಿಬಿಟ್ಟೆ: ಈ ಪ್ರಯಾಣಕ್ಕೆ ಅರ್ಥವಿಲ್ಲ. ಸಿಂಗಪುರದಂಥ ಚಪ್ಪಟೆ ಊರಿನಲ್ಲಿ ಗುಡ್ಡದ ಟ್ರ್ಯಾಕ್ಟರ್ ಆರಿಸುವುದೆಂದರೆ ನೀರೇ ಇಲ್ಲದ ಕಡೆ ನಿಂತು ಹಡಗು ಆರಿಸಿದ ಹಾಗೆ.

"ನೀರಿಲ್ಲದ ಕಡೇನೇ ಹಡಗು ಚೆಕ್ ಮಾಡೋದು, ಲಾಯರಮ್ಮ," ಎಂದರು ಅಪ್ಪ, ಕಾರ್ಡ್ ತಟ್ಟಿ ಗೇಟು ದಾಟುತ್ತಾ. "ಅದಕ್ಕೆ ಡ್ರೈ ಡಾಕ್ ಅಂತಾರೆ. ಮೂವತ್ತು ವರ್ಷ ಅದೇ ಮಾಡಿದ್ದೀನಿ."

ಮೊದಲ ಅಂಕ ಅವರಿಗೆ ಹೋಯಿತು. ಅಮ್ಮ ನಮ್ಮಿಬ್ಬರ ಹಿಂದೆ, ಪುಳಿಯೋಗರೆಯ ಸ್ಟೀಲ್ ಡಬ್ಬಿ ಬ್ಯಾಗಿನೊಳಗೆ ಓರೆಯಾಗದಂತೆ ಹಿಡಿದುಕೊಂಡು ಬರುತ್ತಿದ್ದಳು.

ಹನೂರಿನ ಆಚೆ, ಗುಡ್ಡದ ಮಗ್ಗುಲಲ್ಲಿ, ಅಮ್ಮನ ಪಾಲಿಗೆ ಬಂದ ಜಮೀನಿದೆ. ಕಲ್ಲುಬದು ಕಟ್ಟಿದ, ಮೆಟ್ಟಿಲು ಮೆಟ್ಟಿಲಾದ ಹೊಲಗಳು, ನಡುವೆ ಹುಣಸೆಮರಗಳು, ತೀರ ಮೇಲೆ ಎರಡು ಕೋಣೆಯ ಮನೆ. ಸೆಂಬವಾಂಗಿನ ಹಡಗುಕಟ್ಟೆಯಲ್ಲಿ ಎಂಜಿನಿಯರ್ ಆಗಿದ್ದ ಅಪ್ಪ ಈ ವರ್ಷ ನಿವೃತ್ತರಾದರು. ಅಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬಿನ ಕೆಲಸ ಬಿಡುವವಳಿದ್ದಾಳೆ. ಇಬ್ಬರೂ ಅಲ್ಲಿಗೆ ಶಿಫ್ಟ್ ಆಗಿ ರಾಗಿ, ಅವರೆ ಬೆಳೆಯುವುದೆಂದು ಅಪ್ಪ ಊಟದ ಮೇಜಿನ ಮೇಲೆ ತೀರ್ಮಾನಿಸಿಯಾಗಿತ್ತು. ಕೊಳ್ಳೇಗಾಲದ ಡೀಲರ್ ದೊಡ್ಡದೊಂದು, ಚಿಕ್ಕದೊಂದು ಟ್ರ್ಯಾಕ್ಟರ್ ತೆಗೆದಿರಿಸಿ, ಯಾವುದೆಂದು ಈ ಭಾನುವಾರ ಸಂಜೆಯೊಳಗೆ ಹೇಳಿ ಎಂದಿದ್ದ. ಅಷ್ಟರಲ್ಲಿ ಅಪ್ಪನಿಗೆ ಒಂದು ಸುದ್ದಿ ಸಿಕ್ಕಿತು. ಹೆಚ್ಚುಕಡಿಮೆ ಅದೇ ಅಳತೆಯ ಎರಡು ಹಳೆಯ ಜಪಾನಿ ಗಾಡಿಗಳು ಇಲ್ಲೇ ಸಿಂಗಪುರದ ಸುಂಗೈ ಕಡುತ್‌ನಲ್ಲಿ ಅವರ ಪರಿಚಯದವರೊಬ್ಬರ ಯಾರ್ಡಿಗೆ ಬಂದಿವೆ, ಬೇರೆ ಯಾವುದೋ ದೇಶಕ್ಕೆ ಹೋಗುವ ದಾರಿಯಲ್ಲಿ. ಕೊಳ್ಳಲು ಅಲ್ಲ, ಮುಟ್ಟಿ ನೋಡಲು ಹೋಗೋಣ ಎಂದರು.

ನಾನು ಶಾಲೆಯಿಂದ ಯೂನಿವರ್ಸಿಟಿಯವರೆಗೆ ಡಿಬೇಟ್ ತಂಡದಲ್ಲಿದ್ದವಳು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳು, ಆಮೇಲೆ ಕೆಡವು ಎಂದು ನಮಗೆ ಕಲಿಸಿದ್ದರು. ಅಪ್ಪನ ವಾದವನ್ನು ಚೆನ್ನಾಗಿ ಹೇಳುವುದು ಸುಲಭ. ಅದರಲ್ಲಿ ಬೆಟ್ಟವಿದೆ, ಗಾಳಿಯಿದೆ, ಬೆಳಗಿನ ಬಿಸಿಲಿದೆ. ಕೆಡವಲು ನನ್ನ ಬಳಿ ಒಂದೇ ವಾಕ್ಯವಿತ್ತು, ಅದೂ ಅಪ್ಪನದೇ: "ನಾನು ಉಳ್ತಾ ಇರ್ತೀನಿ, ಮಧ್ಯಾಹ್ನ ನಿಮ್ಮಮ್ಮ ಊಟ ತರ್ತಾಳೆ." ಜಮೀನು ಅಮ್ಮನದು, ಕನಸು ಅಪ್ಪನದು, ಒಲೆ ಮತ್ತೆ ಅಮ್ಮನದು. ಇಲ್ಲಿ ಅವಳಿಗೆ ಲ್ಯಾಬ್ ಇದೆ, ಗೆಳತಿಯರಿದ್ದಾರೆ, ಕೆಳಗಿಳಿದರೆ ಬಸ್ಸಿದೆ. ಅಲ್ಲಿ ಏನಿದೆ? ಟ್ರ್ಯಾಕ್ಟರ್ ಕೊಳ್ಳುವುದು ನಿಂತರೆ ಶಿಫ್ಟ್ ಆಗುವುದೂ ನಿಲ್ಲುತ್ತದೆ. ಅದನ್ನು ನಿಲ್ಲಿಸಲೆಂದೇ ನಾನು ಹೊರಟಿದ್ದೆ.

ಬಿಷನ್‌ನಲ್ಲಿ ರೈಲು ಬದಲಿಸಿದೆವು. ಅಲ್ಲಿಂದ ಆಚೆ ಹಳಿ ನೆಲ ಬಿಟ್ಟು ಕಂಬಗಳ ಮೇಲೆ ಏರುತ್ತದೆ. ರಾತ್ರಿ ಮಳೆ ಬಂದು ನಿಂತಿತ್ತು. ಆಕಾಶ ಬೆಳ್ಳಗೆ, ಒದ್ದೆ ಬಟ್ಟೆ ಹರವಿದಂತೆ, ಫ್ಲಾಟುಗಳ ಮೇಲೆ ತೀರ ತಗ್ಗಿನಲ್ಲಿತ್ತು. ಯಿಯೋ ಚು ಕಾಂಗ್ ದಾಟಿದ ಮೇಲೆ ಕಟ್ಟಡಗಳು ಹಿಂದೆ ಸರಿದು ಬರೀ ಮರಗಳ ತಲೆ ಕಾಣಿಸಿದವು. ಮರಗಳ ಮೇಲೆ ರೈಲು ತೇಲುತ್ತಿದೆ ಅನ್ನಿಸುವ ಜಾಗ ಅದು. ಜಲಾಶಯದ ನೀರು ಬಂತು, ನಮ್ಮ ಜೊತೆ ಸ್ವಲ್ಪ ದೂರ ನಡೆಯಿತು, ಮರೆಯಾಯಿತು. ರೈಲಿನಲ್ಲಿ ತಿನ್ನುವಂತಿಲ್ಲ, ಆದರೆ ಮುಚ್ಚಿದ ಡಬ್ಬಿಯಿಂದಲೂ ಹುಣಸೆ-ಇಂಗಿನ ವಾಸನೆ ನಮ್ಮ ಸಾಲಿನ ತುಂಬ ಮೆಲ್ಲಗೆ ಓಡಾಡುತ್ತಿತ್ತು. ಸೆಂಬವಾಂಗ್ ಬಂದಾಗ ಅಪ್ಪ ಅಭ್ಯಾಸ ಬಲದಿಂದ ಎದ್ದು ನಿಂತರು. ಬಾಗಿಲು ತೆರೆಯಿತು, ಮುಚ್ಚಿತು. ಅಪ್ಪ ಮತ್ತೆ ಕುಳಿತರು.

ಕ್ರಾಂಜಿಯಲ್ಲಿ ಇಳಿದು, ಬಸ್ಸಿಗೆ ಮೊದಲು ಚಹಾ ಕುಡಿಯೋಣವೆಂದು ಒಂದು ಕಾಫಿ ಅಂಗಡಿಗೆ ಹೋದೆವು. ಭಾನುವಾರದ ಗದ್ದಲ. ಅಮ್ಮ ಚೀಲದಿಂದ ಟಿಶ್ಯೂ ಪ್ಯಾಕೆಟ್ ತೆಗೆದು, ಖಾಲಿಯಾಗುತ್ತಿದ್ದ ಮೇಜಿನ ಮೇಲೆ ಇಟ್ಟು, ನಿಶ್ಚಿಂತೆಯಾಗಿ ಕ್ಯೂಗೆ ನಡೆದಳು. ನಮ್ಮೂರಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುತ್ತಾರಲ್ಲ, ಇಲ್ಲಿ ಅದಕ್ಕೆ ಟಿಶ್ಯೂ ಪ್ಯಾಕೆಟ್. 'ಚೋಪ್' ಮಾಡುವುದು ಎನ್ನುತ್ತಾರೆ. ಪ್ಯಾಕೆಟ್ ಇಟ್ಟ ಜಾಗ ಇಟ್ಟವರದು; ಈ ಊರಿನಲ್ಲಿ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಎಲ್ಲವನ್ನೂ ಪ್ರಶ್ನಿಸುವ ನಾನು ಕೂಡ.

ಬಸ್ಸಿಳಿದು ನಡೆದ ದಾರಿಯಲ್ಲಿ ಮರದ ಕಾರ್ಖಾನೆಗಳು ಸಾಲಾಗಿ ಬಾಗಿಲು ಹಾಕಿಕೊಂಡಿದ್ದವು. ಗಾಳಿಯಲ್ಲಿ ಹೊಟ್ಟಿನ ಸಿಹಿ ವಾಸನೆ. ಅದರ ಹಿಂದೆಲ್ಲೋ ಉಪ್ಪುನೀರು. ಯಾರ್ಡಿನ ಯಜಮಾನ ಕೋ ಅಂಕಲ್ ಗೇಟಿನಲ್ಲೇ ಇದ್ದರು; ಅರ್ಧ ಚಡ್ಡಿ, ಬನಿಯನ್ನು, ಕೈಯಲ್ಲಿ ಐಸ್ ಕಾಫಿಯ ಪ್ಲಾಸ್ಟಿಕ್ ಚೀಲ. ಅಪ್ಪನ ಹಡಗುಕಟ್ಟೆಗೆ ಬಿಡಿಭಾಗ ಮಾರುತ್ತಿದ್ದವರಂತೆ.

"ಬೈ ಆಲ್ಸೋ ಕ್ಯಾನ್, ಸೀ ಆಲ್ಸೋ ಕ್ಯಾನ್ ಲಾ," ಎಂದು, ಕೊಂಡರೂ ಸರಿ, ಬರೀ ನೋಡಿದರೂ ಸರಿ ಎಂಬಂತೆ ನಕ್ಕು ಒಳಗೆ ಕರೆದೊಯ್ದರು. ಅಮ್ಮನನ್ನು 'ಆಂಟಿ' ಎಂದರು, ಅವಳಿಗಿಂತ ಹತ್ತು ವರ್ಷವಾದರೂ ದೊಡ್ಡವರು.

ತಗಡಿನ ಸೂರಿನ ಕೆಳಗೆ ಎರಡೂ ಪಕ್ಕಪಕ್ಕದಲ್ಲಿ ನಿಂತಿದ್ದವು. ದೊಡ್ಡದು ನೀಲಿ, ಎತ್ತರದ ಸೀಟು, ನನ್ನ ಎದೆಮಟ್ಟದ ಚಕ್ರ. ಚಿಕ್ಕದು ಕೆಂಪು, ತಗ್ಗು, ಯಾವುದೋ ಸಾಧು ಪ್ರಾಣಿ ಕುಕ್ಕರುಗಾಲಿನಲ್ಲಿ ಕೂತಂತೆ. ಎರಡಕ್ಕೂ ಸೀಟಿನ ಹಿಂದೆ ಕಬ್ಬಿಣದ ಕಮಾನು. ಗಾಡಿ ಮಗುಚಿದರೆ ಕೂತವರನ್ನು ಉಳಿಸುವುದು ಅದೇ. ಹುಣಸೆ ಕೊಂಬೆಗೆ ತಗಲುತ್ತದೆ, ಬಿಚ್ಚಿಡಬಹುದು ಎಂದರು ಅಪ್ಪ. ಕೊಂಬೆ ಬಿಚ್ಚಿಡಿ ಎಂದೆ ನಾನು. ಅದು ನನ್ನ ಅಂಕ.

"ಬೆಟ್ಟಕ್ಕೆ ಪವರ್ ಬೇಕು," ಅಪ್ಪ ನೀಲಿಯ ಬಾನೆಟ್ ತಟ್ಟಿದರು. "ಚಿಕ್ಕದು ಏರೋವಾಗ ಏದುಸಿರು ಬಿಡತ್ತೆ."

"ಏರೋವಾಗ ಇರೋ ಭಾರ ಇಳಿಯೋವಾಗ ಎಲ್ಲಿ ಹೋಗತ್ತೆ? ನಿಮ್ಮನ್ನೇ ತಳ್ಳತ್ತೆ. ಮತ್ತೆ ಆ ಎರಡು ಬದು ಮಧ್ಯ ಇದನ್ನ ತಿರುಗಿಸೋದು ಹೇಗೆ?"

"ಅಂದ್ರೆ ಚಿಕ್ಕದು ತಗೋ ಅಂತೀಯ."

"ಅಲ್ಲ. ಚಿಕ್ಕದರ ಮೈ ಕಿರಿದು. ಇಳಿಜಾರಲ್ಲಿ ಅಡ್ಡ ಓಡಿಸಿದ್ರೆ ಮಗುಚತ್ತೆ."

"ಹಿಂದಿನ ಚಕ್ರ ಬಿಚ್ಚಿ ಒಳಮಗ್ಗುಲು ಹೊರಗೆ ಮಾಡಿ ಹಾಕಿದ್ರೆ ಅಗಲ ಆಗತ್ತೆ ಕಣೇ. ನಾನೇ ಹಾಕ್ತೀನಿ."

"ಊರಲ್ಲಿ ಬಾಡಿಗೆ ಟ್ರ್ಯಾಕ್ಟರ್ ಇದೆ. ಕರೆದ್ರೆ ಬರತ್ತೆ."

"ಮಳೆ ಬಿದ್ದ ಮಾರನೇ ದಿನ ಊರಿಗೆಲ್ಲ ಅದೇ ಬೇಕು. ಹದ ಹೋದ್ಮೇಲೆ ಬಂದು ಏನು ಮಾಡತ್ತೆ?"

ಈ ಅಂಕ ಅಪ್ಪನದು. ಅಮ್ಮ ಅಷ್ಟು ಹೊತ್ತೂ ಕೆಂಪು ಗಾಡಿಯ ಸುತ್ತ ನಿಧಾನವಾಗಿ ಬರುತ್ತಿದ್ದಳು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವವರ ವೇಗದಲ್ಲಿ.

ಅಪ್ಪ ಫೋನಿನಲ್ಲಿ ಒಂದು ಫೋಟೊ ತೆರೆದರು. ಕಳೆದ ಸಲ ಊರಿಗೆ ಹೋದಾಗ ಹೊಲದ ಅತಿ ಕಡಿದಾದ ಕಡೆ ಒಂದು ಹಲಗೆ ಹಾಸಿ, ಅದರ ಮೇಲೆ ಅರ್ಧ ನೀರಿನ ಬಾಟಲಿ ಮಲಗಿಸಿ ತೆಗೆದದ್ದು. ಬಾಟಲಿಯೊಳಗೆ ನೀರಿನ ಗೆರೆ ಓರೆಯಾಗಿ ನಿಂತಿತ್ತು. ಯಾರ್ಡಿನ ಹಿಂಭಾಗದಲ್ಲಿ ಲಾರಿಗೆ ಗಾಡಿ ಹತ್ತಿಸುವ ಕಾಂಕ್ರೀಟು ಇಳಿಜಾರೊಂದಿತ್ತು. ಅಪ್ಪ ಅದರ ಮೇಲೆ ತಮ್ಮ ಬಾಟಲಿ ಮಲಗಿಸಿ, ಉರುಳದಂತೆ ಬೆರಳು ಕೊಟ್ಟು, ಫೋನು ಪಕ್ಕದಲ್ಲಿ ಹಿಡಿದರು. ಮೂವರೂ ಬಗ್ಗಿ ನೋಡಿದೆವು. ಎರಡು ಗೆರೆಗಳೂ ಒಂದೇ ಓರೆ.

"ನೋಡು, ಹನೂರು!" ಅಪ್ಪ ಪಿಸುಗುಟ್ಟಿದರು.

ಒಪ್ಪುತ್ತೇನೆ, ಒಂದು ಕ್ಷಣ ನನಗೂ ಹಾಗೇ ಆಯಿತು. ಕಾಂಕ್ರೀಟಿನ ಬಿರುಕಿನಲ್ಲಿ ಹುಲ್ಲು ಹುಟ್ಟಿತ್ತು, ಮೇಲ್ತುದಿಯ ಆಚೆ ಬರೀ ಬಿಳಿ ಆಕಾಶ. ಅಲ್ಲಿ ಹತ್ತಿ ನಿಂತರೆ ಎರಡು ಕೋಣೆಯ ಮನೆ ಕಂಡೇಬಿಡುತ್ತದೆ ಅನ್ನಿಸಿತು. ಇಂಥ ಹೊತ್ತಿನಲ್ಲೇ ತೀರ್ಪುಗಾರರು ಮನಸೋಲುವುದು, ಈಗಲೇ ಹೊಡೆಯಬೇಕು ಎಂದು ನನ್ನ ತರಬೇತಿ ಹೇಳಿತು. ಉಳಿಸಿಕೊಂಡಿದ್ದ ಕೊನೆಯ ಪ್ರಶ್ನೆ ಹೊರತೆಗೆದೆ.

"ಅಪ್ಪ, ಎಲ್ಲ ಸರಿ. ಓಡಿಸೋರು ಯಾರು?"

ಅಪ್ಪ ಬಾಟಲಿ ಎತ್ತಿಕೊಂಡರು. ನಮ್ಮ ಮನೆಯಲ್ಲಿ ಎಂದೂ ಕಾರಿರಲಿಲ್ಲ. ಈ ಊರಿನಲ್ಲಿ ಬೇಕಾಗಿಯೂ ಇಲ್ಲ. ಅಪ್ಪ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ, ಎಂ.ಆರ್.ಟಿ. ರೈಲು ಇರುವಾಗ ಕಾರು ಮೂರ್ಖತನ ಎಂಬ ಸಿದ್ಧಾಂತಕ್ಕೆ ಬಂದವರು. ಕುದುರೆಶಕ್ತಿ, ಚಕ್ರದ ಅಳತೆ, ಗೇರುಗಳ ಸಂಖ್ಯೆ ಎಲ್ಲವನ್ನೂ ತಿಂಗಳುಗಟ್ಟಲೆ ಹೋಲಿಸಿದ ನಮ್ಮಂಥ ಮನೆಯವರಿಗೆ ಮಾತ್ರ ಈ ಸಣ್ಣ ವಿಷಯ ಮರೆಯಲು ಸಾಧ್ಯ.

"ಕಲ್ತ್ಕೋತೀನಿ," ಎಂದರು ಅಪ್ಪ.

"ಫೇಲಾಗಿದ್ದು ಚಪ್ಪಟೆ ರೋಡಲ್ಲಿ."

ಗೆದ್ದೆ ಎಂದುಕೊಂಡೆ.

"ನಾನು," ಎಂದಳು ಅಮ್ಮ.

ಅವಳು ಚಪ್ಪಲಿ ಬಿಟ್ಟು, ಚೀಲದಿಂದ ಕ್ಯಾನ್ವಾಸ್ ಶೂ ತೆಗೆದು ಹಾಕಿಕೊಳ್ಳುತ್ತಿದ್ದಳು. ಶೂ ಮನೆಯಿಂದಲೇ ತಂದಿದ್ದಳು.

"ನೀನಾ?" ಎಂದೆವು ನಾನು, ಅಪ್ಪ ಒಟ್ಟಿಗೆ. ಆ ದಿನ ನಾವಿಬ್ಬರೂ ಒಂದೇ ಪಕ್ಷದಲ್ಲಿದ್ದದ್ದು ಆಗ ಮಾತ್ರ.

"ಲೈಸೆನ್ಸ್ ಇರೋದು ನನ್ನ ಹತ್ರ ತಾನೇ? ಇವಳು ಹುಟ್ಟೋಕೆ ಮುಂಚೆ ತಗೊಂಡಿದ್ದು, ನೀವು ಎರಡನೇ ಸಲ ಫೇಲಾದ ತಿಂಗಳೇ. ಹೋದ ವರ್ಷ ಖಾತೆ ಕೆಲಸಕ್ಕೆ ಒಬ್ಬಳೇ ಹೋಗಿದ್ನಲ್ಲ, ಆಗ ಪಕ್ಕದ ಹೊಲದವರ ಗಾಡೀಲಿ ಕಲಿತೆ. ದಿನಾ ಸಾಯಂಕಾಲ."

"ಹೇಳಲೇ ಇಲ್ವಲ್ಲೇ!"

"ಕೇಳಿದ್ರಾ? ನೀವಿಬ್ರೂ ಮಾತಾಡ್ತಾ ಇದ್ರಿ." ಲೇಸು ಕಟ್ಟಿ ಎದ್ದು ನಿಂತಳು. "ಮಧ್ಯಾಹ್ನ ಊಟ ನೀವು ತನ್ನಿ, ರೀ. ಪುಳಿಯೋಗರೆ ಗೊಜ್ಜು ಮಾಡಿಟ್ಟಿರ್ತೀನಿ, ಕಲೆಸೋದು ಕಷ್ಟ ಇಲ್ಲ."

ಮೊದಲು ನೀಲಿ ಹತ್ತಿದಳು. ಅಪ್ಪನ ಮರ್ಯಾದೆಗೆ ಇರಬೇಕು. ಎಡಗಾಲಲ್ಲಿ ಕ್ಲಚ್ ಪೂರ್ತಿ ಒತ್ತಲು ಅವಳು ಸೀಟಿನ ಅಂಚಿಗೆ ಜಾರಬೇಕಾಯಿತು. ಜಾರಿದರೆ ಬೆನ್ನಿಗೆ ಆಸರೆಯಿಲ್ಲ, ಎರಡೂ ಕೈ ಸ್ಟಿಯರಿಂಗಿಗೆ ನೇತುಬಿದ್ದಂತೆ. ಸೀಟು ಮುಂದೆ ತಳ್ಳಿದರೂ ಅಷ್ಟೇ. ತಿಂಗಳುಗಟ್ಟಲೆ ನಡೆದ ಚರ್ಚೆ ಅವಳ ಕಾಲಿನ ಉದ್ದದಲ್ಲಿ ಮುಗಿಯಿತು. ಅಪ್ಪ ಮಂಡಿಯೂರಿ ಕೂತು ಪೆಡಲಿಗೂ ಅವಳ ಪಾದಕ್ಕೂ ನಡುವಿನ ಜಾಗವನ್ನು ಗೇಣಿನಲ್ಲಿ ಅಳೆದರು. ಆಮೇಲೆ ಎದ್ದು, "ಇಳಿ. ಕೆಂಪು ನೋಡು," ಎಂದರು.

ಕೆಂಪಿನಲ್ಲಿ ಅವಳು ಕೂತದ್ದು, ಅದು ಅವಳ ಅಳತೆಗೇ ಹೊಲಿಸಿದ ರವಿಕೆಯೇನೋ ಎಂಬಂತೆ. ಕೋ ಅಂಕಲ್ ಕೀಲಿ ಕೊಟ್ಟು, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗೇರು ತೋರಿಸಿ, ಕಮಾನಿದ್ದರೂ ಸಾಲದೆಂದು ಬೆಲ್ಟೂ ಕಟ್ಟಿಸಿ, ಪಕ್ಕದಲ್ಲಿ ನಡೆದರು. "ಸ್ಲೋ ಸ್ಲೋ, ಆಂಟಿ. ನೋ ಹರ್ರಿ ಲಾ." ಗಾಡಿ ಇಳಿಜಾರಿನ ಬುಡಕ್ಕೆ ಬಂತು, ಒಮ್ಮೆ ಕೆಮ್ಮಿತು, ನೇರವಾಗಿ ಏರಿತು. ಅಡ್ಡ ಹೋಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ಮೇಲ್ತುದಿಯಲ್ಲಿ ಬ್ರೇಕು ಹಾಕಿ, ಎಂಜಿನ್ ಆರಿಸಿ, ಅಮ್ಮ ದೂರ ನೋಡಿದಳು.

ಬೇಲಿಯಾಚೆ ಅವಳಿಗೆ ಏನು ಕಾಣುತ್ತಿತ್ತೋ ನಮಗೆ ಕೆಳಗಿನಿಂದ ಗೊತ್ತಾಗಲಿಲ್ಲ. ಉಪ್ಪುನೀರಿನ ಕಾಂಡ್ಲಾ ಮರಗಳಿರಬಹುದು, ಜಲಸಂಧಿಯ ನೀರಿರಬಹುದು, ಅದರಾಚೆ ಮಂಜಿನಲ್ಲಿ ಕರಗಿದ ಮಲೇಷ್ಯಾ. ಗಾಳಿಗೆ ಅವಳ ದುಪಟ್ಟಾದ ಗಂಟು ಬಿಚ್ಚಿಕೊಂಡು ಹಾರಿತು; ಅವಳು ಅದನ್ನು ನೋಡದೆಯೇ ಎಳೆದು ಸೊಂಟಕ್ಕೆ ಬಿಗಿದಳು. ಅಷ್ಟು ಎತ್ತರದಲ್ಲೇನೂ ಇರಲಿಲ್ಲ, ಒಂದಾಳು ಎತ್ತರವಷ್ಟೇ. ಆದರೂ ಅಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು, ದೂರದ ಬೆಟ್ಟ ನೋಡುವವರ ಹಾಗೆ ಅವಳನ್ನು ನೋಡಿದರು. ಅವರ ಇನ್ನೊಂದು ಕೈಯಲ್ಲಿ ಅವಳ ಚೀಲ, ಡಬ್ಬಿಯ ಸಮೇತ.

ಮತ್ತೆ ಎಂಜಿನ್ ಹಚ್ಚಿ, ಕೆಳಗಿನ ಗೇರಿನಲ್ಲಿ, ಕ್ಲಚ್ ಮುಟ್ಟದೆ, ಎಂಜಿನ್ನಿನ ಹಿಡಿತದಲ್ಲೇ ಇಳಿದು ಬಂದಳು. ಸೂರಿನ ಕೆಳಗೆ ಕುಳಿತು ಪುಳಿಯೋಗರೆ ತಿನ್ನೋಣವೆಂದು ಅಪ್ಪ ಕರೆದರು. ಅಮ್ಮ ಗಾಡಿಯಿಂದ ಇಳಿದು, ಎರಡು ಹೆಜ್ಜೆ ಹೋಗಿ, ಅಪ್ಪನ ಕೈಯಲ್ಲಿದ್ದ ಚೀಲದಿಂದ ಟಿಶ್ಯೂ ಪ್ಯಾಕೆಟ್ ತೆಗೆದು, ತಿರುಗಿ ಬಂದು ಕೆಂಪು ಟ್ರ್ಯಾಕ್ಟರಿನ ಸೀಟಿನ ಮೇಲೆ ಇಟ್ಟಳು.

ಕೋ ಅಂಕಲ್ ನಕ್ಕ ರಭಸಕ್ಕೆ ಐಸ್ ಕಾಫಿ ಚೆಲ್ಲಿತು. "ವಾ, ಆಂಟಿ ಚೋಪ್ ಟ್ರ್ಯಾಕ್ಟರ್ ಆ!"

ಊಟವಾದ ಮೇಲೆ ಅಪ್ಪ ಕೊಳ್ಳೇಗಾಲಕ್ಕೆ ಫೋನ್ ಮಾಡಿದರು. "ಚಿಕ್ಕದು ಬುಕ್ ಮಾಡಿ. ಹೂಂ, ಫೈನಲ್. ಕಮಾನು ಬೇಕೇ ಬೇಕು. ಹಿಂದಿನ ಚಕ್ರ ಅಗಲಕ್ಕೆ ಹಾಕಿ ಕಳಿಸಿ." ಆ ಕಡೆಯವನು ಏನೋ ಕೇಳಿದ. "ಡ್ರೈವರ್ ಬೇಡಪ್ಪ. ನಮ್ಮ ಮನೆಯವರೇ ಓಡಿಸ್ತಾರೆ," ಎಂದರು. ದನಿಯಲ್ಲಿ ಸ್ವಲ್ಪ ಜಂಬವಿತ್ತು.

ನಾನು ಸೋತೆನೇ? ಟ್ರ್ಯಾಕ್ಟರ್ ಬೇಡವೆಂದು ಹೋದವಳು, ಟ್ರ್ಯಾಕ್ಟರ್ ಬುಕ್ ಆಯಿತು. ಆದರೆ ನನ್ನ ತಕರಾರು ಊಟದ ಡಬ್ಬಿಯ ಬಗ್ಗೆ ಇತ್ತು. ಗೇಟು ದಾಟುವಾಗ ಡಬ್ಬಿ ಅಪ್ಪನ ಕೈಯಲ್ಲೇ ಇತ್ತು. ಇದಕ್ಕೆ ಅಂಕ ಯಾರಿಗೆ ಕೊಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ತಿರುಗಿ ನೋಡಿದೆ. ಸೂರಿನ ನೆರಳಿನಲ್ಲಿ, ಕೆಂಪು ಸೀಟಿನ ಮೇಲೆ, ಆ ಬಿಳಿ ಪ್ಯಾಕೆಟ್ ಹಾಗೇ ಇತ್ತು. ಅಮ್ಮ ಅದನ್ನು ತೆಗೆದುಕೊಂಡಿರಲಿಲ್ಲ.

ವಾಪಸು ಬರುವಾಗ ಮಳೆ ಹಿಡಿಯಿತು. ಕಿಟಕಿಗಾಜಿನ ಮೇಲೆ ನೀರು ಓರೆಯಾಗಿ ಹರಿಯುತ್ತಿತ್ತು, ಊರು ಅದರ ಹಿಂದೆ ಅಲುಗಾಡುತ್ತಿತ್ತು. ಅಪ್ಪ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಿದ್ದೆಹೋದರು. ಸೆಂಬವಾಂಗ್ ಬಂದದ್ದೂ ಹೋದದ್ದೂ ಅವರಿಗೆ ತಿಳಿಯಲಿಲ್ಲ. ಅಮ್ಮ ಕಣ್ಣು ಮುಚ್ಚಿದ್ದಳು, ನಿದ್ದೆಯಲ್ಲಿರಲಿಲ್ಲ. ಮುಂದಿನ ಸ್ಟೇಷನ್ ಹತ್ತಿರವಾಗಿ ರೈಲಿನ ವೇಗ ಇಳಿಯತೊಡಗಿತು. ಕ್ಯಾನ್ವಾಸ್ ಶೂ ಹಾಕಿದ ಅವಳ ಎಡಗಾಲು ಮುಂದೆ ಚಾಚಿ, ರೈಲಿನ ನೆಲವನ್ನು ಮೆಲ್ಲಗೆ, ಪೂರ್ತಿಯಾಗಿ ಒತ್ತಿತು.

ರೈಲು ನಿಂತಿತು.