ಫೇಲಾದದ್ದಕ್ಕೆ ಹಂಚಿದ ಬೆಲ್ಲ

ನಾನು ಮಿಡ್ಲ್ ಸ್ಕೂಲು ಪಾಸಾದ ತಕ್ಷಣ ಮದುವೆ ಎಂದು ಅಪ್ಪ ಗಂಡಿನವರಿಗೆ ಮಾತು ಕೊಟ್ಟಿದ್ದರು. ಮಂಡಿಕಲ್‌ಗೆ ಕೊಟ್ಟಿದ್ದ ಅಕ್ಕ ಹದಿನೈದಕ್ಕೇ ಮೊದಲ ಹೆರಿಗೆಯಲ್ಲಿ ತೀರಿಹೋಗಿದ್ದಳು.

ನಾನು ಲೆಕ್ಕದಲ್ಲಿ ಫೇಲಾದೆ. ಅಳುತ್ತಾ ಮನೆಗೆ ಬಂದರೆ ಅಜ್ಜಿ, "ಒಳ್ಳೇದೇ ಆಯ್ತು ಕಣಮ್ಮ. ಇನ್ನೊಂದ್ ವರ್ಷ ಓದು, ಮೈಕೈ ಗಟ್ಟಿ ಆಗ್ಲಿ" ಎಂದಳು. ಪಾಸಾದವರ ಮನೆಯವರು ಸಕ್ಕರೆ ಹಂಚುತ್ತಿದ್ದರೆ, ನಮ್ಮಜ್ಜಿ ನಾಚಿಕೆಯಿಲ್ಲದೆ ಬೀದಿಗೆಲ್ಲ ಬೆಲ್ಲ ಹಂಚಿದಳು.

ಗಂಡಿನವರು ಕಾಯಲಿಲ್ಲ. ನಾನು ಮರುವರ್ಷ ಪಾಸಾಗಿ ಹೈಸ್ಕೂಲನ್ನೂ ಮುಗಿಸಿದೆ. ಆಮೇಲೆಯೇ ಮದುವೆಯಾಗಿ, ಇಪ್ಪತ್ತೊಂದಕ್ಕೆ ಚಿಂತಾಮಣಿಯ ಆಸ್ಪತ್ರೆಯಲ್ಲಿ ಹೆತ್ತು, ಮಗುವನ್ನೆತ್ತಿಕೊಂಡು ನಡೆದೇ ಮನೆಗೆ ಬಂದೆ. ಈಗ ಎಂಬತ್ತು ದಾಟಿದೆ, ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದೇನೆ.

ಅಕ್ಕನಿಗೂ ಲೆಕ್ಕ ಬರುತ್ತಿರಲಿಲ್ಲ. ಆದರೆ ಅವಳನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿದ್ದರು. ಫೇಲಾಗುವ ಪುಣ್ಯ ಅವಳಿಗೆ ಸಿಗಲಿಲ್ಲ.