ಗದ್ದದ ಮೇಲಿನ ಏಳು ಕೂದಲು

ಕೂದಲು ತೆಗೆಯುವ ಆ ಸ್ಪ್ರೇಗೆ ಚರ್ಮ ಸುಡಬಹುದಿತ್ತು. ಸುಟ್ಟ ಜಾಗ ಕಪ್ಪಾಗಿ, ಮಗಳ ಮದುವೆಯ ಎಲ್ಲ ಫೋಟೋಗಳಲ್ಲೂ ನನ್ನ ಗದ್ದಕ್ಕೆ ಮಸಿ ಮೆತ್ತಿದಂತೆ ಕಾಣಬಹುದಿತ್ತು. ಕಣ್ಣಿಗೆ ಸಿಡಿಯಬಹುದಿತ್ತು. ಪಾರ್ಸಲ್ಲಿನವನು ನಾನಿಲ್ಲದ ಹೊತ್ತಿಗೆ ಬಂದು ಪಕ್ಕದ ಮನೆಯಲ್ಲಿ ಕೊಟ್ಟು, ಅವರು ಬಿಚ್ಚಿ ನೋಡಬಹುದಿತ್ತು. ನಮ್ಮ ಯಜಮಾನರು ಸೆಂಟು ಎಂದು ತಿಳಿದು ಮೀಸೆಯ ಹತ್ತಿರ ಹೊಡೆದುಕೊಳ್ಳಬಹುದಿತ್ತು. ಏಳು ಕೂದಲು ಹೋಗಿ ಹದಿನಾಲ್ಕು ಬರಬಹುದಿತ್ತು. ಇವೆಲ್ಲ ತಪ್ಪಿದರೂ, ಅರಿಷಿಣ ಹಚ್ಚುವಾಗ ಬೀಗತಿಯ ಅಂಗೈಗೆ ಒಂದು ಕೂದಲು ಚುಚ್ಚಿ, ಆ ಸುದ್ದಿ ಅವರ ಊರಿನ ಬಸ್ಸು ಹತ್ತಬಹುದಿತ್ತು. ಇಷ್ಟನ್ನೂ ನಾನು ದಿನಾ ಬೆಳಿಗ್ಗೆ ಸ್ನಾನದ ನೀರು ಕಾಯುವಷ್ಟರಲ್ಲಿ ಒಂದು ಸುತ್ತು ಯೋಚಿಸಿ ಮುಗಿಸುತ್ತಿದ್ದೆ.

ನಲವತ್ತಾರು ದಾಟಿದ ಮೇಲೆ ಹುಟ್ಟಿದವು ಅವು. ಕರಿ, ಗಟ್ಟಿ, ಚೂಪು. ರಾಣೆಬೆನ್ನೂರಿನ ಪಾರ್ಲರಿಗೆ ಹೋದರೆ ನಾನು ಪಾಠ ಹೇಳಿದ ಹುಡುಗಿಯೇ ದಾರ ಹಿಡಿದು ನಿಂತಿರುತ್ತಾಳೆಂದು ಹೆದರಿ, ಬಸ್ಸು ಹತ್ತಿ ಹಾವೇರಿಗೆ ಹೋಗುತ್ತಿದ್ದೆ. ಮನೆಯಲ್ಲಿ ಹಲ್ಲುನೋವು ಎನ್ನುತ್ತಿದ್ದೆ. ನನಗೆ ಬಂದ ಹಲ್ಲುನೋವುಗಳಿಗೆ ಬಾಯಲ್ಲಿದ್ದ ಹಲ್ಲು ಸಾಲುತ್ತಿರಲಿಲ್ಲ.

ಇದು ಗೊತ್ತಿದ್ದದ್ದು ಒಬ್ಬಳಿಗೇ, ಬ್ಯಾಡಗಿಗೆ ಕೊಟ್ಟ ನನ್ನ ತಂಗಿಗೆ. ಅವಳಿಗೂ ಐದು ಇದ್ದವು. ಅಪ್ಪನ ಗದ್ದ ಇಬ್ಬರಿಗೂ ಬಂದಿತ್ತು. ಹಬ್ಬಕ್ಕೆ ಕೂಡಿದಾಗ ಒಳಕೋಣೆಯ ಕದ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಮುಖವೊಡ್ಡಿ, ಒಬ್ಬರದನ್ನು ಒಬ್ಬರು ಚಿಮಟಿಗೆಯಿಂದ ಕೀಳುತ್ತಿದ್ದೆವು. ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದೆವು. ಈಚೀಚೆಗೆ ಅವಳು ಮನೆಯಲ್ಲೇ ಕಿತ್ತುಕೊಂಡು ಬಂದೆನೆಂದು ಹೇಳಿ ನನ್ನದನ್ನಷ್ಟೇ ಕೀಳುತ್ತಿದ್ದಳು. ಅದೇನೇ ಇರಲಿ, ನನ್ನ ಏಳನ್ನು ನಾನು ತಾಳಿಕೊಂಡಿದ್ದದ್ದು ಅವಳ ಐದರ ಧೈರ್ಯದಿಂದ.

ಮಗಳ ಮದುವೆ ಮೇಡ್ಲೇರಿಯ ಮನೆತನದೊಂದಿಗೆ ನಿಶ್ಚಯವಾಯಿತು. ನಮ್ಮಲ್ಲಿ ಅರಿಷಿಣದ ದಿನ ಬೀಗತಿ ಹುಡುಗಿಯ ತಾಯಿಗೂ ಹಚ್ಚುತ್ತಾರೆ. ಹಣೆಗೆ ಬೊಟ್ಟು ಮುಟ್ಟಿಸಿ ಬಿಡುವುದಲ್ಲ, ಗಲ್ಲ, ಗದ್ದ, ಕುತ್ತಿಗೆ ಎಲ್ಲ ಬಳಿಯುವುದು. ಕಣ್ಣಿಗೆ ಮೋಸ ಮಾಡಬಹುದು, ಅಂಗೈಗೆ ಆಗುವುದಿಲ್ಲ.

ಅದೇ ಹೊತ್ತಿಗೆ ಮೊಬೈಲಿನಲ್ಲಿ ಆ ಸ್ಪ್ರೇಗಳು ಬರತೊಡಗಿದವು. ಮನೆಯಲ್ಲೇ ಹೊಡೆದುಕೊಳ್ಳಿ, ಒರೆಸಿ, ಕೂದಲು ಶಾಶ್ವತವಾಗಿ ಮಾಯ. ನಾಲ್ಕು ಬಗೆ. ಒಂದಕ್ಕೆ ಗುಲಾಬಿ ವಾಸನೆಯಂತೆ, ಇನ್ನೊಂದು ಬರೀ ಗಿಡಮೂಲಿಕೆಯಂತೆ. ತಂಗಿಯೂ ನಾನೂ ವಾರಗಟ್ಟಲೆ ಫೋನಿನಲ್ಲಿ ತೂಗಿ ನೋಡಿದೆವು. ಹೊಗಳಿ ಬರೆದವರೆಲ್ಲ ಒಂದೇ ಮಾತಿನಲ್ಲಿ ಹೊಗಳಿದ್ದರು. ಬೈದವರು ಮಾತ್ರ ಅವರವರ ಬಾಯಿಂದಲೇ ಬೈದಿದ್ದರು. ನಾನು ಬೈದವರನ್ನು ನಂಬುವ ಪೈಕಿ.

ಹಾವೇರಿಯ ಔಷಧಿ ಅಂಗಡಿಯಲ್ಲಿ, ಸಂಬಂಧಿಕರೊಬ್ಬರಿಗೆ ಬೇಕಾಗಿತ್ತು ಎಂದು ವಿಚಾರಿಸಿದೆ. ಅಂಗಡಿಯವರು ನನ್ನ ಗದ್ದವನ್ನು ನೋಡದೇ ಇರಲು ಬಹಳ ಕಷ್ಟಪಟ್ಟರು.

‘ಇದು ಮ್ಯಾಲಿಂದಷ್ಟ ಕರಗಸ್ತೈತ್ರಿ ಅಕ್ಕಾರ, ಬೇರಿಗೆ ಮುಟ್ಟಂಗಿಲ್ಲ. ಹೊಲದಾಗಿನ ಕರಕಿ ಹುಲ್ಲು ಮ್ಯಾಲ ಸವರಿದ್ರ ಹೋಗತೈತೇನ್ರಿ? ಹಂಗಂತ ನಿಮ್ಮ ಸಂಬಂಧಿಕರಿಗೆ ಹೇಳ್ರಿ.’

ತಂಗಿಗೆ ಹೇಳಿದೆ. ಅವಳು ಒಪ್ಪಲಿಲ್ಲ.

‘ತರಿಸು ಅಕ್ಕಾ. ನೀ ಮೊದಲ ಹಚ್ಚಿ ನೋಡು. ಚಲೋ ಆದ್ರ ನಾನೂ ತರಸ್ತೇನಿ.’

ನಾಲ್ಕು ವರ್ಷ ದೊಡ್ಡವಳು ನಾನು. ಕಾದ ನೀರಿಗೆ ಮೊದಲು ಕೈ ಹಾಕಿ ನೋಡುತ್ತ ಬಂದವಳು. ತರಿಸಿದೆ.

ಮೊದಲು ಮುಂಗೈಗೆ ಹೊಡೆದು ನೋಡಿದೆ. ಗುಲಾಬಿಯ ಕೆಳಗೆ ಕೊಳೆತ ಮೊಟ್ಟೆಯ ವಾಸನೆ. ಕೂದಲೇನೋ ಹೋದವು. ಸೋಮವಾರ ಶಾಶ್ವತವಾಗಿ ಹೋದಂಥವು ಮುಂದಿನ ಸೋಮವಾರ ತಲೆಯೆತ್ತಿದ್ದವು. ಗುರುತಿಲ್ಲದ ಕಂಪನಿಯೊಂದು ನನಗೊಬ್ಬಳಿಗೇ ಮೋಸ ಮಾಡಲು ಹುಟ್ಟಿದೆ ಎನ್ನುವಷ್ಟು ಸಿಟ್ಟು ಬಂತು. ಆದರೆ ನನಗೆ ಬೇಕಾಗಿದ್ದದ್ದು ಒಂದು ದಿನ. ಅರಿಷಿಣದ ಹಿಂದಿನ ದಿನ ಹತ್ತಿಗೆ ಹೊಡೆದು ಗದ್ದಕ್ಕೆ ಒತ್ತಿ ಹಿಡಿದೆ, ಬಾಟಲಿಯ ಮೇಲೆ ಬರೆದದ್ದಕ್ಕಿಂತ ಒಂದು ನಿಮಿಷ ಕಡಿಮೆ.

ಸುಡಲಿಲ್ಲ. ಕಪ್ಪಾಗಲಿಲ್ಲ. ಬೀಗತಿ ಬಂದು, ಹೊಲದ ಮೋಟಾರು ಸುಟ್ಟ ಕತೆ ಹೇಳುತ್ತಲೇ ನನ್ನ ಮುಖಕ್ಕೆಲ್ಲ ಅರಿಷಿಣ ಬಳಿದರು. ಮೋಟಾರಿನ ಚಿಂತೆಯಲ್ಲಿ ಅವರಿಗೆ ಗದ್ದ ಯಾವುದು, ಮೂಗು ಯಾವುದು ಎಂಬುದರ ಕಡೆ ಲಕ್ಷ್ಯವೇ ಇರಲಿಲ್ಲ. ತಿಂಗಳುಗಟ್ಟಲೆ ಹೆದರಿದ್ದು ಅರ್ಧ ನಿಮಿಷದಲ್ಲಿ ಮುಗಿಯಿತು.

ಆಮೇಲೆ ಹುಡುಗಿಯ ತಾಯಿ ಐವರು ಮುತ್ತೈದೆಯರಿಗೆ ಹಚ್ಚಬೇಕು. ಐದನೆಯವಳು ತಂಗಿ. ನಗುತ್ತಲೇ ಅವಳ ಗದ್ದ ಹಿಡಿದೆ. ಕಿತ್ತ ಗದ್ದ ಹೇಗಿರುತ್ತದೆ ಎಂದು ನನ್ನ ಬೆರಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಸಣ್ಣ ಸಣ್ಣ ಗುಳ್ಳೆ, ತರಿ ತರಿ. ಇದು ಹಾಗಿರಲಿಲ್ಲ. ಎಂದೂ ಏನೂ ಹುಟ್ಟದ, ಸಣ್ಣ ಹುಡುಗಿಯ ಗದ್ದದ ಹಾಗಿತ್ತು. ಇನ್ನೊಂದು ಸಲ ಸವರಿದೆ. ಅವಳು ಕಣ್ಣು ಕೆಳಗೆ ಹಾಕಿದಳು.

‘ಹುಬ್ಬಳ್ಳ್ಯಾಗ ಲೇಸರ್ ಮಾಡಿಸ್ಕೊಂಡೇನಿ, ಅಕ್ಕಾ,’ ಎಂದಳು, ನನಗಷ್ಟೇ ಕೇಳುವಂತೆ. ‘ಎರಡು ವರ್ಷಾತು.’

‘ನನಗ ಯಾಕ ಹೇಳ್ಲಿಲ್ಲ?’

‘ಹೇಳಿದ್ರ ನೀ ಒಬ್ಬಾಕಿ ಆಗ್ತಿದ್ದಿ.’

ಎರಡು ವರ್ಷ. ಅಂದರೆ ಗುಲಾಬಿಯೋ ಗಿಡಮೂಲಿಕೆಯೋ ಎಂದು ತಲೆ ಕೆಡಿಸಿಕೊಂಡ ಅಷ್ಟೂ ಸಂಜೆ ನಾನು ಒಬ್ಬಳೇ ಇದ್ದೆ; ಅದು ನನಗೆ ಗೊತ್ತಿರಲಿಲ್ಲ ಅಷ್ಟೆ. ಕರುಣೆಯಿಂದ ಮಾಡಿದ್ದಳು, ಖರೇ. ಕರುಣೆಯೆಂದು ತಿಳಿದದ್ದಕ್ಕೇ ಮುಖ ಹೆಚ್ಚು ಉರಿಯಿತು.

ಹಿಂದೆ ಹೆಣ್ಣುಮಕ್ಕಳು ಹಾಡು ಎತ್ತಿದ್ದರು, ಬೀಗತಿ ನೋಡುತ್ತಿದ್ದರು. ಕುತ್ತಿಗೆಗೆ ಅರಿಷಿಣ ಹಚ್ಚಿ ಮುಗಿಸಿ ಕುಂಕುಮ ತೆಗೆದುಕೊಂಡೆ. ಆ ಇಡೀ ಮದುವೆಯಲ್ಲಿ ಕೆಟ್ಟದ್ದೆಂದರೆ ಇದೊಂದೇ: ತಂಗಿಯ ಹಣೆಯ ಮೇಲೆ ಕುಂಕುಮ ಒಂದಿಷ್ಟು ಎಡಕ್ಕೆ ಸರಿದು ಕೂತಿತು. ನಾನು ಅದನ್ನು ಸರಿಮಾಡಲಿಲ್ಲ.